ಗುಂಡಿಗೆ ಇಳಿಸಿ ನೋಡಿ ಅಡ್ವಾನ್ಸ್ ಕೊಡು

ಹಳೇ ಗಾಡಿ ಕೊಟ್ಟು ಹೊಸ ವಿನ್ಯಾಸದ ಪಿಕಪ್ ತರುವ ತೀರ್ಮಾನ ಆಗಿದೆಯಂತೆ. ಸಂತೋಷ ಮಗಾ. ಮೈಲೇಜು ಎಷ್ಟು, ಎಷ್ಟು ಲೋಡ್ ಎಳೆಯುತ್ತದೆ, ತಿಂಗಳ ಕಂತು ಎಷ್ಟು ಬೀಳುತ್ತದೆ, ನಾಳೆ ಮಾರಿದರೆ ಎಷ್ಟು ಹುಟ್ಟುತ್ತದೆ ಎಂದೆಲ್ಲ ವಿಚಾರಿಸಿಕೊಂಡು ಬಂದಿದ್ದೀಯ. ಕೇಳಲೇಬೇಕಾದ ಮಾತುಗಳೇ ಅವು. ಅವುಗಳ ಜೊತೆಗೆ ನೀನು ಕೇಳದೇ ಬಿಟ್ಟ ಎರಡು ವಿಷಯ ಇವೆ. ಒಂದು, ಆ ಸೀಟಿನಲ್ಲಿ ದಿನಕ್ಕೆ ಹತ್ತು ಗಂಟೆ ಕೂರುವ ನಿನ್ನ ಸೊಂಟ. ಇನ್ನೊಂದು, ಆ ಕ್ಯಾಬಿನ್ನಿನ ಸದ್ದು ಕೇಳುತ್ತಲೇ ಇರುವ ನಿನ್ನ ಕಿವಿ. ಗಾಡಿ ರಿಪೇರಿಗೆ ಹೊಸಕೋಟೆಯಲ್ಲಿ ಬೇಕಾದಷ್ಟು ಗ್ಯಾರೇಜುಗಳಿವೆ. ಇವೆರಡಕ್ಕೆ ಸ್ಪೇರ್ ಪಾರ್ಟ್ ಸಿಗುವುದಿಲ್ಲ.

"ಲೋಡ್ ಹೊಡೆಯೋನಿಗೆ ಸುಖ ಯಾಕೆ ದೊಡ್ಡಪ್ಪ, ಅದು ಕಾರಿನವರಿಗೆ" ಎಂದು ನಿನ್ನ ಸ್ನೇಹಿತರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾರಿನವನು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರುತ್ತಾನೆ. ನೀನು ಅದರಲ್ಲೇ ಬದುಕುತ್ತೀಯ. ಯಾರು ಹೆಚ್ಚು ಹೊತ್ತು ಕೂರುತ್ತಾರೋ ಅವರಿಗೇ ಒಳ್ಳೆಯ ಸೀಟು, ಕಡಿಮೆ ಸದ್ದು ಬೇಕು. ಇದನ್ನು ಷೋಕಿ ಎಂದು ಕರೆದು ಎಷ್ಟೋ ಡ್ರೈವರುಗಳ ಬೆನ್ನು ಹಾಳು ಮಾಡಿದ್ದೇವೆ.

ಸಮೇತನಹಳ್ಳಿಯಲ್ಲಿ ಗಾಡಿ ಇಟ್ಟುಕೊಂಡವನು ಒಂದೇ ದಿನದಲ್ಲಿ ಮೂರು ಥರದ ರಸ್ತೆ ತುಳಿಯಬೇಕು. ಬೆಳಗಿನ ಜಾವ ತೋಟದಿಂದ ಸೊಪ್ಪು, ಹೂವು ತುಂಬಿಕೊಂಡು ಬರುವುದು ಗಾಲಿ ಜಾಡು ಬಿದ್ದ ಮಣ್ಣಿನ ದಾರಿಯಲ್ಲಿ. ಆಮೇಲೆ ಕಾಡುಗೋಡಿ, ವೈಟ್‌ಫೀಲ್ಡ್ ಕಡೆಯ ರಸ್ತೆ. ಜಲ್ಲಿ ಟಿಪ್ಪರುಗಳು ಓಡಾಡಿ ಡಾಂಬರು ಕಿತ್ತ ಜಾಗಗಳು, ಗೇಟಿಗೊಂದು ಹಂಪು, ಪೈಪ್ ಹೂತು ಮಣ್ಣು ಮುಚ್ಚಿ ಬಿಟ್ಟ ಅಡ್ಡ ಕಾಲುವೆಗಳು. ಸಂಜೆ ಕೋಲಾರದ ಎಪಿಎಂಸಿಗೆ ಟೊಮೆಟೊ ಎಂದರೆ ಹೊಸಕೋಟೆ ದಾಟಿ ಹೆದ್ದಾರಿ. ಹೋಗುವಾಗ ಲೋಡು, ಬರುವಾಗ ಬಹುಪಾಲು ಖಾಲಿ. ಈ ಖಾಲಿ ಬರುವ ಹೊತ್ತೇ ಪಿಕಪ್ಪಿನ ನಿಜವಾದ ಪರೀಕ್ಷೆ. ಶೋರೂಮಿನವರು ಅದರ ಬಗ್ಗೆ ಬಾಯಿ ಬಿಡುವುದಿಲ್ಲ.

ಯಾಕೆ ಎಂದು ತಿಳಿದುಕೋ. ಪಿಕಪ್ಪಿನ ಹಿಂದಿನ ಆಕ್ಸೆಲ್ ಮೇಲೆ ಕೂತಿರುವುದು ಪಟ್ಟಿ ಸ್ಪ್ರಿಂಗು. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಒಂದೂವರೆ ಟನ್ ತಡೆಯಬೇಕಾದ್ದರಿಂದ ಅವನ್ನು ಬಿಗಿಯಾಗಿಯೇ ಮಾಡಿರುತ್ತಾರೆ. ಲೋಡ್ ಇಳಿಸಿದ ಮೇಲೆ ಅಷ್ಟು ಬಿಗಿಯಾದ ಸ್ಪ್ರಿಂಗಿನ ಮೇಲೆ ಉಳಿಯುವುದು ಖಾಲಿ ತೊಟ್ಟಿಯ ಭಾರ ಮಾತ್ರ. ಸ್ಪ್ರಿಂಗು ಬಿಗಿಯಾಗಿದ್ದು ಮೇಲಿನ ಭಾರ ಕಡಿಮೆಯಾದರೆ ಗಾಡಿ ಸೆಕೆಂಡಿಗೆ ಹೆಚ್ಚು ಸಲ ಕುಣಿಯುತ್ತದೆ. ಲೋಡ್ ಹಾಕಿದರೆ ಅದೇ ಗಾಡಿ ಮೆತ್ತಗಾಗುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುವ ಹಾಗೆಯೇ. ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಮೇಲೆ ಕೆಳಗೆ ಆಡುವ ಗಾಡಿ ಮೈಗೆ ಹಿತ. ನಾಲ್ಕರಿಂದ ಎಂಟು ಸಲ ಅದುರುವುದು ಮೈಗೆ ಅತಿ ಕೆಟ್ಟದ್ದು, ಏಕೆಂದರೆ ಕೂತ ಮನುಷ್ಯನ ಬೆನ್ನುಮೂಳೆ, ಹೊಟ್ಟೆಯ ಅಂಗಗಳು ತಾವೂ ಸುಮಾರು ಅದೇ ವೇಗದಲ್ಲಿ ಅದುರಲು ಶುರು ಮಾಡುತ್ತವೆ. ಅದುರುವಿಕೆಯನ್ನು ಅಳೆಯುವ ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಮೇಲೆ ಕೆಳಗಿನ ಅದುರಿನಲ್ಲಿ ಈ ನಾಲ್ಕರಿಂದ ಎಂಟಕ್ಕೇ ಹೆಚ್ಚು ತೂಕ ಕೊಡುತ್ತದೆ.

ಯುರೋಪಿನ ಒಕ್ಕೂಟ 2002ರಲ್ಲೇ ಇದಕ್ಕೊಂದು ನಿರ್ದೇಶನ ತಂದಿದೆ. ಎಂಟು ಗಂಟೆಯ ಕೆಲಸದಲ್ಲಿ ಮೈಗೆ ತಟ್ಟುವ ಅದುರು ಸೆಕೆಂಡ್ ವರ್ಗಕ್ಕೆ 0.5 ಮೀಟರ್ ದಾಟಿದರೆ ಮಾಲೀಕ ಅದನ್ನು ತಗ್ಗಿಸುವ ಕ್ರಮ ಕೈಗೊಳ್ಳಬೇಕು. 1.15 ದಾಟುವಂತೆಯೇ ಇಲ್ಲ. ನಿನ್ನ ವಿಷಯದಲ್ಲಿ ಮಾಲೀಕನೂ ನೀನೇ, ಡ್ರೈವರೂ ನೀನೇ. ನಿನ್ನ ಪರವಾಗಿ ಅಳೆಯುವವರು ಯಾರೂ ಬರುವುದಿಲ್ಲ. ಅಳೆಯುವ ಉಪಕರಣ ಬೇಕಾಗಿಯೂ ಇಲ್ಲ. ಗಾಡಿಯಿಂದ ಇಳಿದ ತಕ್ಷಣ ನೆಟ್ಟಗೆ ನಿಲ್ಲಲು ಆಗುತ್ತದೆಯೇ, ಇಲ್ಲವೇ ಬಾಗಿಲು ಹಿಡಿದು ಒಂದು ನಿಮಿಷ ನಿಂತು ಆಮೇಲೆ ಹೆಜ್ಜೆ ಇಡುತ್ತೀಯೇ, ನೋಡಿಕೋ. ಇಪ್ಪತ್ತೈದರ ವಯಸ್ಸಿನಲ್ಲಿ ಬಾಗಿಲು ಹಿಡಿಯುವಂತಾದರೆ ಗಾಡಿಯೋ ಸೀಟೋ ಸರಿ ಇಲ್ಲ ಎಂದೇ ಅರ್ಥ.

ಒಂದೇ ಕಂಪನಿ ಒಂದೇ ಮೂಲದ ಚಾಸಿಯಿಂದ ಜನರಿಗೊಂದು, ಸಾಮಾನಿಗೊಂದು ಗಾಡಿ ಹೇಗೆ ಮಾಡುತ್ತದೆ ಎಂಬುದಕ್ಕೆ ನಮ್ಮ ಕರ್ನಾಟಕದಲ್ಲೇ ಸಾಕ್ಷಿ ಇದೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್‌ನ ಇನ್ನೋವಾ 2005ರಲ್ಲಿ ಬಂತು. ಅದೇ ಕಂಪನಿ ಇಲ್ಲಿ ಹೈಲಕ್ಸ್ ಪಿಕಪ್ಪನ್ನು ಬಿಟ್ಟದ್ದು 2022ರಲ್ಲಿ. ಇನ್ನೋವಾ, ಫಾರ್ಚ್ಯೂನರ್, ಹೈಲಕ್ಸ್ ಮೂರೂ ಒಂದೇ ಕುಟುಂಬದ ಗಾಡಿಗಳು. ಇನ್ನೋವಾ ಕ್ರಿಸ್ಟಾದ ಹಿಂದೆ, ಫಾರ್ಚ್ಯೂನರ್‌ನ ಹಿಂದೆ ಇರುವುದು ಕಾಯಿಲ್ ಸ್ಪ್ರಿಂಗು. ಹೈಲಕ್ಸ್‌ನ ಹಿಂದೆ ಪಟ್ಟಿ. ಲಕ್ಷಗಟ್ಟಲೆ ಕೊಟ್ಟು ತಂದ ಹೈಲಕ್ಸ್ ಕೂಡ ಖಾಲಿ ಇದ್ದಾಗ ಹಿಂದಿನಿಂದ ಎತ್ತಿ ಹಾಕುತ್ತದೆ ಎಂದರೆ ಕಾರಣ ಇದೇ. 2016ರಲ್ಲಿ ನಮ್ಮ ದೇಶಕ್ಕೆ ಬಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್‌ನದೂ ಇದೇ ಕಥೆ, ಮುಂದೆ ಕಾಯಿಲ್, ಹಿಂದೆ ಪಟ್ಟಿ. ಹಾಗಾಗಿ ಬಾನೆಟ್ಟಿನ ಚಂದ ನೋಡಿ "ಇದು ಕಾರಿನ ಥರ ಹೋಗುತ್ತೆ" ಎಂದವರ ಮಾತು ನಂಬುವ ಮೊದಲು ಬಗ್ಗಿ ಹಿಂದಿನ ಚಕ್ರದ ಒಳಗೆ ಇಣುಕಿ ನೋಡು.

ಹೊರದೇಶದವರು ಖಾಲಿ ಪಿಕಪ್ ಎತ್ತಿ ಹಾಕುವ ಈ ತೊಡಕನ್ನು ಬಿಡಿಸಲು ಪ್ರಯತ್ನ ಪಡುತ್ತಲೇ ಇದ್ದಾರೆ. ಅಮೆರಿಕದಲ್ಲಿ 2024ರ ಟೊಯೊಟಾ ಟಕೋಮಾ ಪಿಕಪ್ಪಿನ ಹೆಚ್ಚಿನ ಮಾದರಿಗಳಿಗೆ ಹಿಂದೆ ಪಟ್ಟಿ ತೆಗೆದು ಕಾಯಿಲ್ ಹಾಕಿದರು. ಫೋರ್ಡ್ ರೇಂಜರನ್ನು 2022ರ ಹೊತ್ತಿಗೆ ಹೊಸದಾಗಿ ಮಾಡುವಾಗ ಪಟ್ಟಿಯನ್ನೇ ಉಳಿಸಿಕೊಂಡು ಹಿಂದಿನ ಶಾಕ್ ಅಬ್ಸಾರ್ಬರುಗಳನ್ನು ಚಾಸಿಯ ಒಳಗಿನಿಂದ ಹೊರಗೆ, ಚಕ್ರದ ಹತ್ತಿರಕ್ಕೆ ಸರಿಸಿದರು. ಒಂದು ಪಕ್ಕದ ಚಕ್ರ ಮಾತ್ರ ಗುಂಡಿಗೆ ಇಳಿದಾಗ ಆಕ್ಸೆಲ್ ಓಲಾಡುವುದನ್ನು ಹೊರಗೆ ಕೂತ ಶಾಕ್ ಚೆನ್ನಾಗಿ ಹಿಡಿಯುತ್ತದೆ. ಈ ಗಾಡಿಗಳು ನಿನಗೆ ಬೇಕಾಗಿಲ್ಲ, ಅವುಗಳಿಂದ ಕಲಿಯುವ ಪಾಠ ಬೇಕು. ಹೊಸ ಮಾದರಿ ಎಂದರೆ ಹೊಸ ಗ್ರಿಲ್, ಹೊಸ ದೀಪ, ಅಂಗೈಯಗಲದ ಟಚ್ ಸ್ಕ್ರೀನ್ ಅಷ್ಟೇ ಆಗಿರಬಹುದು. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಹೀಗಿರಲಿ: "ಹಳೆಯದಕ್ಕೂ ಇದಕ್ಕೂ ಪಟ್ಟಿಯಲ್ಲಿ, ಶಾಕ್‌ನಲ್ಲಿ, ಕ್ಯಾಬಿನ್ ಕೂರಿಸುವ ರಬ್ಬರಿನಲ್ಲಿ, ಸೀಟಿನಲ್ಲಿ ಏನು ಬದಲಾಗಿದೆ?" ಉತ್ತರ ಹೇಳಲು ಬಾರದ ಸೇಲ್ಸ್ ಹುಡುಗನನ್ನು ಬೈಯಬೇಡ, ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್ಕನ್ನು ಕರೆಸು ಎಂದು ಕೇಳು.

ನಮ್ಮ ಹೊಸಕೋಟೆ ತಾಲ್ಲೂಕಿಗೆ ಈ ವಿಷಯದಲ್ಲಿ ಒಂದು ಚರಿತ್ರೆಯೇ ಇದೆ, ನಿನ್ನ ವಯಸ್ಸಿನವರಿಗೆ ಗೊತ್ತಿರಲಿ. 1998ರಲ್ಲಿ ವೋಲ್ವೋ ಕಂಪನಿ ಹೊಸಕೋಟೆ ಬಳಿ ಲಾರಿ ಕಟ್ಟಲು ಶುರು ಮಾಡಿತು, 2001ರಲ್ಲಿ ಬಿ7ಆರ್ ಬಸ್ಸು ಬಂತು. ಅದಕ್ಕೂ ಮುಂಚೆ ನಾವು ದೂರದೂರಿಗೆ ಹೋಗುತ್ತಿದ್ದ ಬಸ್ಸುಗಳು ಬಹುಪಾಲು ಲಾರಿಯ ಚಾಸಿಯ ಮೇಲೆ ಕಟ್ಟಿದವು. ಇಂಜಿನ್ ಡ್ರೈವರನ ಪಕ್ಕದಲ್ಲಿ, ಕೆಳಗೆ ಪಟ್ಟಿ. ವೋಲ್ವೋ ಇಂಜಿನ್ನನ್ನು ಹಿಂದಕ್ಕೆ ಇಟ್ಟಿತು, ಪಟ್ಟಿಯ ಜಾಗದಲ್ಲಿ ಗಾಳಿಯ ಚೀಲಗಳನ್ನು ಕೂರಿಸಿತು. ಗಾಳಿಯ ಸಸ್ಪೆನ್ಷನ್ನಿನ ಗುಟ್ಟು ಏನು ಗೊತ್ತೇ? ಜನ ಹತ್ತಿದಷ್ಟೂ ವಾಲ್ವ್ ತೆರೆದು ಚೀಲಕ್ಕೆ ಗಾಳಿ ಹೆಚ್ಚು ತುಂಬಿಕೊಳ್ಳುತ್ತದೆ, ಇಳಿದರೆ ಹೊರಗೆ ಬಿಡುತ್ತದೆ. ಭಾರಕ್ಕೆ ತಕ್ಕಂತೆ ಬಿಗಿ ಬದಲಾಗುವುದರಿಂದ ಬಸ್ಸು ತುಂಬಿದ್ದರೂ ಖಾಲಿ ಇದ್ದರೂ ಹೆಚ್ಚುಕಡಿಮೆ ಒಂದೇ ಹದದಲ್ಲಿ ತೂಗುತ್ತದೆ. ಪಟ್ಟಿ ಸ್ಪ್ರಿಂಗಿಗೆ ಆಗದ ಕೆಲಸ ಅದು. ನಮ್ಮೂರ ಪಕ್ಕದಲ್ಲೇ ಇಂಥ ಕೆಲಸ ಇಷ್ಟು ವರ್ಷಗಳಿಂದ ನಡೆಯುತ್ತಿದ್ದರೂ ಸುಖ ಮೊದಲು ಬಂದದ್ದು ಬಸ್ಸಿನ ಪ್ರಯಾಣಿಕರಿಗೆ, ಆಮೇಲೆ ದೊಡ್ಡ ಲಾರಿಯ ಡ್ರೈವರಿಗೆ. ಊರಿನ ಸೊಪ್ಪು, ಹಾಲು, ಸಿಮೆಂಟು ಹೊರುವ ಸಣ್ಣ ಗಾಡಿಯವನ ಸರದಿ ಕೊನೆಗೆ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ಎಸಿ ಕಾನೂನಿನಲ್ಲೂ ಹೀಗೇ ಆಗಿದೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು: 2025ರ ಅಕ್ಟೋಬರ್ 1ರಿಂದ ತಯಾರಾಗುವ ಎನ್2, ಎನ್3 ವರ್ಗದ ಲಾರಿಗಳ ಕ್ಯಾಬಿನ್ನಿಗೆ ಎಸಿ ಇರಲೇಬೇಕು. ಎನ್2 ಎಂದರೆ ಲೋಡ್ ಸೇರಿ ಮೂರೂವರೆ ಟನ್ ಮೀರಿದ ಗಾಡಿ. ನೀನು ನೋಡುತ್ತಿರುವ ಪಿಕಪ್ಪುಗಳು ಮೂರೂವರೆ ಟನ್ನಿನ ಒಳಗೇ ಇವೆ, ಅಂದರೆ ಎನ್1. ಕಾನೂನು ನಿನ್ನ ಬಾಗಿಲವರೆಗೂ ಬಂದು ನಿಂತಿದೆ. ಎಸಿ ಬೇಕಾದರೆ ನೀನೇ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ಹಾಕಿಸಿಕೋ ಎಂದೇ ಹೇಳುತ್ತೇನೆ, ಅದೂ ಕಂಪನಿಯಿಂದಲೇ ಬಂದದ್ದನ್ನು. ತಂಪಿಗಿಂತ ದೊಡ್ಡ ಕಾರಣ ಒಂದಿದೆ. ಎಸಿ ಇಲ್ಲದ ಗಾಡಿಯಲ್ಲಿ ಗಾಜು ಇಳಿಸಲೇಬೇಕು. ಗಾಜು ಇಳಿಸಿದರೆ ಕಂಪನಿಯವರು ಬಾಗಿಲಿಗೆ, ನೆಲಕ್ಕೆ, ಇಂಜಿನ್ ಗೋಡೆಗೆ ಹಾಕಿದ ರಬ್ಬರು, ಫೋಮು ಎಲ್ಲ ದಂಡ. ಪಕ್ಕದಲ್ಲಿ ಹೋಗುವ ಟಿಪ್ಪರಿನ ಏರ್ ಹಾರ್ನ್ ನೇರವಾಗಿ ಬಲಗಿವಿಗೇ ಬಂದು ಬೀಳುತ್ತದೆ.

ಕಿವಿಯ ವಿಷಯ ಸ್ವಲ್ಪ ನಿಧಾನವಾಗಿ ಕೇಳು. ನಮ್ಮ ದೇಶದ ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಪಾಳಿಗೆ 90 ಡೆಸಿಬಲ್ ಮಿತಿ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಯೋಶ್ ಹೇಳುವುದು 85. ಡೆಸಿಬಲ್ ಲೆಕ್ಕ ನಮ್ಮ ಕೂಡು ಲೆಕ್ಕ ಅಲ್ಲ. ಮೂರು ಏರಿದರೆ ಕಿವಿಗೆ ಬೀಳುವ ಶಕ್ತಿ ಎರಡರಷ್ಟಾಗುತ್ತದೆ, ಆದ್ದರಿಂದ ನಯೋಶ್ ಪ್ರಕಾರ 88ರಲ್ಲಿ ನಾಲ್ಕೇ ಗಂಟೆ, 91ರಲ್ಲಿ ಎರಡೇ ಗಂಟೆ. ಹೊಸ ಗಾಡಿ ಹಳೆಯದಕ್ಕಿಂತ "ಬರೀ ಮೂರು ಡೆಸಿಬಲ್ ಕಡಿಮೆ" ಎಂದು ಯಾರಾದರೂ ಹಗುರವಾಗಿ ಹೇಳಿದರೆ ನೀನು ಹಗುರವಾಗಿ ತೆಗೆದುಕೊಳ್ಳಬೇಡ. ಅಷ್ಟರಲ್ಲೇ ಕಿವಿಯ ದುಡಿಮೆ ಅರ್ಧ ಇಳಿಯುತ್ತದೆ.

ಸದ್ದಿಗೆ ಹೋಗುವ ಕಿವಿ ಒಂದೇ ದಿನದಲ್ಲಿ ಹೋಗುವುದಿಲ್ಲ. ಮೊದಲು ಕೀಚು ದನಿಗಳು ಹೋಗುತ್ತವೆ, ಸೆಕೆಂಡಿಗೆ ನಾಲ್ಕು ಸಾವಿರ ಸಲ ಮಿಡಿಯುವ ಸದ್ದಿನ ಆಸುಪಾಸಿನಲ್ಲಿ. ಮಾತಿನಲ್ಲಿ ಸ, ಶ, ಫ ಇಂಥ ಅಕ್ಷರಗಳು ಮಸುಕಾಗುತ್ತವೆ. ಎದುರಿನವರು ಮಾತಾಡುವುದು ಕೇಳುತ್ತದೆ, ಏನೆಂದರು ಎಂದು ತಿಳಿಯುವುದಿಲ್ಲ. ನಿಮ್ಮಪ್ಪ ಟಿವಿ ಸೌಂಡು ಏರಿಸಿ ಇಡುತ್ತಾನೆ ಎಂದು ಮನೆಯಲ್ಲಿ ಬೇಜಾರು ಮಾಡಿಕೊಳ್ಳುತ್ತೀರಲ್ಲ, ಅವನು ಹರೆಯದಲ್ಲಿ ಓಡಿಸಿದ್ದು ಎಂಥ ಗಾಡಿಗಳನ್ನು ಎಂದು ಯೋಚಿಸಿದ್ದೀರಾ? ಟಾಟಾ 407 ಬಂದದ್ದು 1986ರಲ್ಲಿ. ನಾವಿಬ್ಬರೂ ಅದರಲ್ಲೇ ಕೈ ಪಳಗಿಸಿಕೊಂಡೆವು. ಇಂಜಿನ್ನಿನ ಮುಚ್ಚಳ ತೊಡೆಯ ಪಕ್ಕದಲ್ಲೇ, ಅದರ ಕಾವೂ ಗಡಗಡವೂ ಕ್ಯಾಬಿನ್ ತುಂಬ. ಗಾಜು ಸದಾ ಕೆಳಗೆ. ಹಾಗೆ ಓಡಿಸಿ ಹಾಳಾದ ಕಿವಿಯ ಒಳಗಿನ ಸೂಕ್ಷ್ಮ ರೋಮಕೋಶಗಳು ಮತ್ತೆ ಹುಟ್ಟುವುದಿಲ್ಲ.

ಈಗಿನ ಡೀಸೆಲ್ ಇಂಜಿನ್ನುಗಳು ಆ ಮಟ್ಟಿಗೆ ಎಷ್ಟೋ ವಾಸಿ. ಹಳೆಯದರಲ್ಲಿ ಡೀಸೆಲ್ ಒಂದೇ ಸಲ ನುಗ್ಗಿ ಧಡ್ ಎಂದು ಹೊತ್ತಿಕೊಳ್ಳುತ್ತಿತ್ತು, ಆ ಕಟಕಟ ಅದೇ. ಕಾಮನ್ ರೈಲ್ ಇಂಜಿನ್ನಿನಲ್ಲಿ ಮೊದಲು ಒಂದು ಹನಿಯಷ್ಟು ಹೊಡೆದು ಆಮೇಲೆ ಉಳಿದದ್ದನ್ನು ಹೊಡೆಯುತ್ತದೆ, ಅದಕ್ಕೇ ಸದ್ದು ತಗ್ಗಿದೆ. ಇಂಜಿನ್ ಸುಮ್ಮನಾದ ಮೇಲೆ ಉಳಿದ ಸದ್ದುಗಳು ಎದ್ದು ಕೇಳುತ್ತವೆ. ನಿಧಾನವಾಗಿ ಹೋಗುವಾಗ ಕೇಳುವುದು ಇಂಜಿನ್, ಮಧ್ಯಮ ವೇಗದಲ್ಲಿ ಟೈರು, ಹೆದ್ದಾರಿಯಲ್ಲಿ ಗಾಳಿ. ಮಿರರ್ ಹತ್ತಿರ, ಬಾಗಿಲ ಮೇಲಂಚಿನ ಹತ್ತಿರ ಸೀಟಿ ಹೊಡೆದರೆ ಬಾಗಿಲ ರಬ್ಬರು ಕೂತಿಲ್ಲ ಎಂದು ತಿಳಿ. ಒಂದು ನೋಟು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದು ನೋಡು. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿ ಬಂದರೆ ಅಲ್ಲಿಂದಲೇ ಸದ್ದೂ ಧೂಳೂ ಒಳಗೆ ಬರುತ್ತವೆ. ಬಾಗಿಲಿನ ಸುತ್ತ ನಾಲ್ಕಾರು ಕಡೆ ಹೀಗೆ ನೋಡಲು ಐದು ನಿಮಿಷ ಸಾಕು.

ಇನ್ನು ಟೆಸ್ಟ್ ಡ್ರೈವ್. ಶೋರೂಮಿನವರು ತಮಗೆ ಬೇಕಾದ ನುಣುಪು ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ, ಹಾಡು ಹಾಕಿ, ಎಸಿ ಬಿಟ್ಟು ಕರೆದುಕೊಂಡು ಬರುತ್ತಾರೆ. ಒಪ್ಪಿಕೊಳ್ಳಬೇಡ. ಗಾಡಿಯನ್ನು ನಮ್ಮ ರಸ್ತೆಗೆ ತಾ. ಮ್ಯೂಸಿಕ್ ಆಫ್ ಮಾಡು, ಬ್ಲೋವರ್ ಆಫ್ ಮಾಡು. ಮೊದಲು ಖಾಲಿ ಗಾಡಿಯನ್ನೇ ಇಪ್ಪತ್ತು, ಇಪ್ಪತ್ತೈದರ ವೇಗದಲ್ಲಿ ಗುಂಡಿಗೆ ಇಳಿಸು, ಬೇಕೆಂದೇ ಎಡಗಡೆಯ ಚಕ್ರಗಳನ್ನು ಮಾತ್ರ. ಹಂಪನ್ನು ನೇರವಾಗಿ ಒಂದು ಸಲ, ಓರೆಯಾಗಿ ಒಂದು ಸಲ ಹತ್ತಿಸು. ಓರೆಯಾಗಿ ಹತ್ತಿಸಿದಾಗ ಕ್ಯಾಬಿನ್ ತಿರುಚಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ, ಸೀಟಿನ ಹಿಂದೆ ಎಲ್ಲಿ ಕಿರುಗುಟ್ಟುತ್ತದೆ ಎಂದು ಆಗ ಗೊತ್ತಾಗುತ್ತದೆ. ಗುಂಡಿ ದಾಟಿದ ಮೇಲೆ ಗಾಡಿ ಒಂದೇ ಸಲಕ್ಕೆ ಸುಧಾರಿಸಿಕೊಳ್ಳುತ್ತದೆಯೋ, ಎರಡು ಮೂರು ಸಲ ಕುಣಿಯುತ್ತದೆಯೋ ಗಮನಿಸು. ಕುಣಿದರೆ ಶಾಕ್ ಸಾಲದು. ಗೇರ್ ಲಿವರ್ ಮೇಲೆ ಅಂಗೈ ಇಡು, ನೆಲದ ಮೇಲೆ ಎಡಗಾಲು ಊರಿ ಇಡು, ಅಲ್ಲಿಗೆ ಬರುವ ಜುಂ ಎನ್ನುವ ಅದುರು ದಿನವಿಡೀ ನಿನ್ನ ಜೊತೆ ಇರುತ್ತದೆ.

ಆಮೇಲೆ ಲೋಡ್. ಐವತ್ತು ಕೆ.ಜಿ. ಮೂಟೆ ಹತ್ತಾದರೂ ಹಾಕಿಕೊಂಡು ಅದೇ ದಾರಿಯಲ್ಲಿ ಹೋಗು. ಹಿಂದಿನ ಹೆಲ್ಪರ್ ಪಟ್ಟಿ ಕೆಲಸ ಶುರು ಮಾಡುವುದೇ ಭಾರ ಬಿದ್ದ ಮೇಲೆ. ಅದು ತಾಗುವಾಗ ಠಕ್ ಎಂದು ಹೊಡೆಯುತ್ತದೆಯೇ, ಮೆಲ್ಲಗೆ ಸೇರಿಕೊಳ್ಳುತ್ತದೆಯೇ ನೋಡು. ಪಕ್ಕದ ಸೀಟಿನಲ್ಲಿ ನಿಮ್ಮಮ್ಮನನ್ನು ಕೂರಿಸಿಕೊಂಡು ಹೋಗು, ಮಂಡಿ ನೋವಿನವಳು ಹತ್ತಿ ಇಳಿಯುವುದನ್ನು ನೋಡಿಯೇ ಮೆಟ್ಟಿಲಿನ ಎತ್ತರ ಸರಿಯೋ ತಪ್ಪೋ ತಿಳಿಯುತ್ತದೆ. ಅವಳ ಜೊತೆ ಮಾಮೂಲಿ ದನಿಯಲ್ಲಿ ಮಾತಾಡು. ಅರವತ್ತರ ವೇಗದಲ್ಲಿ ಇಬ್ಬರೂ ಕೂಗಬೇಕಾದರೆ ಆ ಕ್ಯಾಬಿನ್ ನಿನಗೆ ಬೇಡ.

ಲೋಡ್ ಹಾಕುವ ರೀತಿಯೂ ಸುಖದ ಲೆಕ್ಕಕ್ಕೆ ಸೇರುತ್ತದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹಿಂದಿನ ಆಕ್ಸೆಲ್ಲಿಗಿಂತ ಹಿಂದಕ್ಕೆ ಇಟ್ಟ ಸಾಮಾನು ಅತಿ ಹೆಚ್ಚು ಎಗರುತ್ತದೆ. ಕೋಲಾರಕ್ಕೆ ಹೋಗುವ 15 ಕೆ.ಜಿ. ಟೊಮೆಟೊ ಬಾಕ್ಸುಗಳಲ್ಲಿ ಬಾಲದ ಕಡೆಯ ಸಾಲನ್ನು ಇಳಿಸಿ ನೋಡು, ಜಜ್ಜಿದ ಹಣ್ಣು ಅಲ್ಲಿಯೇ ಹೆಚ್ಚು ಸಿಗುತ್ತದೆ. ಮಾಗಿದ ಹಣ್ಣಿನ ಬಾಕ್ಸನ್ನು ಕ್ಯಾಬಿನ್ ಕಡೆಗೆ, ದೋರುಗಾಯಿ ಬಾಕ್ಸನ್ನು ಹಿಂದಕ್ಕೆ ಹಾಕು. ಅದುರು ನಿನ್ನ ಸೊಂಟವನ್ನು ಮಾತ್ರ ತಿನ್ನುವುದಿಲ್ಲ, ಮಂಡಿಯಲ್ಲಿ ನಿನಗೆ ಸಿಗುವ ರೇಟನ್ನೂ ತಿನ್ನುತ್ತದೆ. ಮೆತ್ತಗೆ ಹೋಗುವ ಗಾಡಿಗೆ ಕೊಟ್ಟ ಹೆಚ್ಚಿನ ದುಡ್ಡಿನಲ್ಲಿ ಒಂದು ಪಾಲು ಹೀಗೆ ವಾಪಸ್ ಬರುತ್ತದೆ.

ಎಕ್ಸ್‌ಟ್ರಾ ಪಟ್ಟಿ ಹಾಕಿಸುವ ಚಟ ನಮ್ಮ ಕಡೆ ಬಹಳ. ಗಾಡಿ ಡೆಲಿವರಿ ತಗೊಂಡು ಪೂಜೆ ಮಾಡಿಸಿ ನೇರ ಗ್ಯಾರೇಜಿಗೆ ಹೋಗಿ ಎರಡು ಪಟ್ಟಿ ಸೇರಿಸಿಬಿಡುತ್ತಾರೆ. ಖಂಡಿತ ಬೇಡ. ಖಾಲಿ ಇದ್ದಾಗ ಗಾಡಿ ಕಲ್ಲಾಗುತ್ತದೆ, ಕಂಪನಿಯವರು ಲೆಕ್ಕ ಹಾಕಿ ಕೊಟ್ಟ ಶಾಕ್ ಆ ಬಿಗಿಗೆ ಹೊಂದುವುದಿಲ್ಲ, ಚಾಸಿಯ ಬೆಸುಗೆ, ಆಕ್ಸೆಲ್, ಬ್ರೇಕು ಯಾವುದೂ ಆ ಹೆಚ್ಚಿನ ಭಾರಕ್ಕೆ ಮಾಡಿದ್ದಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಎರಡು ಟನ್ ಹೊರಬೇಕಾದ ಕೆಲಸ ಇದ್ದರೆ ಎರಡು ಟನ್ನಿನ ಗಾಡಿಯನ್ನೇ ತಗೋ.

ಇರುವ ಪಟ್ಟಿಯನ್ನು ಚೆನ್ನಾಗಿ ನೋಡಿಕೋ, ಅಷ್ಟು ಸಾಕು. ಮಳೆಗಾಲದ ಕೆಸರು ಪಟ್ಟಿಗಳ ನಡುವೆ ಸೇರಿ ತುಕ್ಕು ಹಿಡಿದರೆ ಅವು ಒಂದರ ಮೇಲೊಂದು ಜಾರುವುದನ್ನು ನಿಲ್ಲಿಸುತ್ತವೆ. ಆಮೇಲೆ ಸಣ್ಣ ಸಣ್ಣ ಏರುಪೇರೆಲ್ಲ ನೇರ ಸೀಟಿಗೆ ಬರುತ್ತದೆ. ಮಳೆಗಾಲ ಮುಗಿದ ಮೇಲೆ ಚೆನ್ನಾಗಿ ತೊಳೆಸು, ನಿನ್ನ ಗಾಡಿಯ ಪಟ್ಟಿಗೆ ಗ್ರೀಸ್ ಬೇಕೋ ಬೇಡವೋ ಸರ್ವಿಸ್‌ನವರನ್ನು ಕೇಳಿ ಮಾಡಿಸು, ಏಕೆಂದರೆ ನಡುವೆ ಪ್ಲಾಸ್ಟಿಕ್ ಪ್ಯಾಡ್ ಇರುವ ಪಟ್ಟಿಗಳೂ ಬಂದಿವೆ. ಶ್ಯಾಕಲ್ ಬುಷ್ ಸವೆದರೆ ಹಿಂದಿನಿಂದ ಟಕ್ ಟಕ್ ಎನ್ನುತ್ತದೆ, ಸಣ್ಣ ಖರ್ಚಿನಲ್ಲಿ ಬದಲಾಯಿಸಬಹುದು. ಶಾಕ್ ಮೇಲೆ ಎಣ್ಣೆ ಜಿನುಗಿದ ಕಲೆ ಕಂಡರೆ ಅದರ ಕೆಲಸ ಮುಗಿಯಿತು. ಟೈರಿನ ಗಾಳಿಗೆ ಬಾಗಿಲ ಕಂಬದ ಮೇಲಿನ ಸ್ಟಿಕ್ಕರಿನಲ್ಲಿ ಬರೆದದ್ದೇ ವೇದ. ಪಿಕಪ್ಪಿನಲ್ಲಿ ಖಾಲಿಗೊಂದು, ಲೋಡಿಗೊಂದು ಅಳತೆ ಬರೆದಿದ್ದರೆ ಅದನ್ನು ಪಾಲಿಸು. ಲೋಡಿನ ಗಾಳಿ ಇಟ್ಟುಕೊಂಡು ವಾರವಿಡೀ ಖಾಲಿ ಓಡಿಸಿದರೆ ಸಸ್ಪೆನ್ಷನ್ ಎಷ್ಟೇ ಒಳ್ಳೆಯದಿದ್ದರೂ ಪ್ರಯೋಜನ ಇಲ್ಲ. ದಪ್ಪ ಗಂಟಿನ ಲಗ್ ಟೈರು ಹಾಕಿಸಿದರೆ ಹೆದ್ದಾರಿಯಲ್ಲಿ ಗುಂಯ್ ಎಂದು ಹಾಡುತ್ತದೆ. ದಿನವೂ ಜಲ್ಲಿ ಕ್ವಾರಿಗೆ ಹೋಗುವವನಿಗೆ ಅದು ಬೇಕು, ನಿನಗೆ ಬೇಡ.

ಸದ್ದಿಲ್ಲದ ಗಾಡಿ ಬಂದ ಮೇಲೆ ಒಂದು ಎಚ್ಚರಿಕೆ ಇರಲಿ. ಹಳೇ ಗಾಡಿ ಎಂಬತ್ತಕ್ಕೆ ಹೋಗುವಷ್ಟರಲ್ಲಿ ಇಡೀ ಕ್ಯಾಬಿನ್ ನಡುಗಿ ನಿನ್ನನ್ನು ತಡೆಯುತ್ತಿತ್ತು. ಹೊಸದು ತಡೆಯುವುದಿಲ್ಲ. ಹೊಸಕೋಟೆಯಿಂದ ಬೇತಮಂಗಲದವರೆಗೆ ಚೆನ್ನೈ ಎಕ್ಸ್‌ಪ್ರೆಸ್‌ವೇ 2024ರ ಡಿಸೆಂಬರಿನಲ್ಲಿ ಓಡಾಟಕ್ಕೆ ತೆರೆದುಕೊಂಡಿತು. ಆ ಸಾಫು ರಸ್ತೆಯಲ್ಲಿ ಮೌನವಾದ ಕ್ಯಾಬಿನ್ನಿನಲ್ಲಿ ಕೂತರೆ ನೂರರ ವೇಗವೂ ಅರವತ್ತರಂತೆ ಕಾಣುತ್ತದೆ. 2018ರ ಕೇಂದ್ರದ ಅಧಿಸೂಚನೆಯ ಪ್ರಕಾರ ಎಕ್ಸ್‌ಪ್ರೆಸ್‌ವೇ ಮೇಲೆ ಕಾರಿಗೆ 120 ಇದ್ದರೂ ಸರಕು ಗಾಡಿಗೆ 80ರ ಮಿತಿ. ಕಿವಿಯ ಅಂದಾಜು ನಂಬದೆ ಮೀಟರ್ ನೋಡು. ರಾತ್ರಿ ಮಂಡಿಯಿಂದ ಬರುವಾಗ ತಂಪು ಗಾಳಿ, ಸದ್ದಿಲ್ಲದ ಕ್ಯಾಬಿನ್, ನೇರ ರಸ್ತೆ ಮೂರೂ ಸೇರಿದರೆ ನಿದ್ದೆ ತಾನಾಗಿ ಬರುತ್ತದೆ. ಕಣ್ಣು ಎಳೆದರೆ ಹಾಡು ಜೋರು ಮಾಡಬೇಡ, ಗಾಡಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗು.

ವಾರಕ್ಕೊಮ್ಮೆಯಾದರೂ ಖಾಲಿ ರಸ್ತೆಯಲ್ಲಿ ಗಾಜು ಇಳಿಸಿ, ಎಲ್ಲ ಆಫ್ ಮಾಡಿ, ಗಾಡಿಯ ಸದ್ದು ಕೇಳು. ಹಬ್ ಬೇರಿಂಗ್ ಹೋಗುವ ಮೊದಲು ವೇಗದ ಜೊತೆ ಏರುವ ಒಂದು ಗೊರಗೊರ ಬರುತ್ತದೆ. ಸ್ಟೀರಿಂಗ್ ಎಡಕ್ಕೋ ಬಲಕ್ಕೋ ಸ್ವಲ್ಪ ತಿರುಗಿಸಿದರೆ ಅದು ಹೆಚ್ಚು ಕಡಿಮೆ ಆಗುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಸೆಂಟರ್ ಬೇರಿಂಗ್ ಹೋಗುತ್ತಿದ್ದರೆ ಲೋಡಿನಲ್ಲಿ ಗಾಡಿ ಎಳೆಯುವಾಗ ನಿನ್ನ ಸೀಟಿನ ಕೆಳಗೇ ಅದುರುತ್ತದೆ. ಇವನ್ನೆಲ್ಲ ಹಳೇ ಗಾಡಿ ಕೂಗಿ ಹೇಳುತ್ತಿತ್ತು. ಹೊಸದರಲ್ಲಿ ಫೋಮು, ರಬ್ಬರುಗಳ ಹಿಂದೆ ಅವು ಅಡಗಿಬಿಡುತ್ತವೆ.

ಕೊನೆಗೆ ಒಂದು ಮಾತು, ಇದು ಗಾಡಿಯದಲ್ಲ. ಅಡ್ವಾನ್ಸ್ ಕೊಡುವ ಮೊದಲು ನಿಮ್ಮಪ್ಪನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಆಡಿಯೋಗ್ರಾಂ ಮಾಡಿಸು. ಹೆಡ್‌ಫೋನ್ ಹಾಕಿ ಸದ್ದು ಕೇಳಿಸುವ ಪರೀಕ್ಷೆ ಅಷ್ಟೇ, ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ಹೆಚ್ಚಿನ ತಪಾಸಣೆ ಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಯಂತ್ರ ಹಾಕಿಕೊಂಡರೆ ಮೊಮ್ಮಕ್ಕಳ ಮಾತು ಕೇಳಿಸುತ್ತದೆ ಎಂದು ನೀನೇ ಹೇಳಿ ಒಪ್ಪಿಸು. ನಾನು ಹೇಳಿದರೆ ಅಣ್ಣ ತಮ್ಮಂದಿರ ಹಟ, ಅವನು ಕೇಳುವುದಿಲ್ಲ. ಅದೇ ದಿನ ನಿನ್ನ ಕಿವಿಯದನ್ನೂ ಮಾಡಿಸಿ ಆ ಕಾಗದವನ್ನು ಆರ್‌ಸಿ ಜೊತೆ ಜೋಪಾನವಾಗಿ ಎತ್ತಿಡು. ಮುಂದೆ ವರ್ಷ ವರ್ಷವೂ ಮಾಡಿಸಿ ಅದರ ಜೊತೆ ಹೋಲಿಸಿ ನೋಡು ಮಗಾ.